ಗುಜರಿ ಎಂಜಿನ್ನಿನ ಟರ್ಬೊ: ಇಟ್ಟುಕೊಳ್ಳುವುದೋ, ಕಿತ್ತು ಬಿಸಾಡುವುದೋ?

ಮಳೆಗಾಲದ ಬಂದರಿನಲ್ಲಿ ಬೋಟ್ ಮಾಲೀಕರ ತಲೆಬಿಸಿ. ದಿನಸಿ ಅಂಗಡಿಯ ಉದ್ರಿ ಪುಸ್ತಕಕ್ಕೂ ಇದಕ್ಕೂ ಸಂಬಂಧ ಉಂಟು

ಮಲ್ಪೆ: ಜೂನ್ 1ಕ್ಕೆ ಬೋಟುಗಳು ದಡ ಸೇರಿದವೆಂದರೆ ಬಂದರಿನಲ್ಲಿ ಮೀನಿನ ವಾಸನೆ ಇಳಿದು ಗ್ರೀಸು, ಡೀಸೆಲಿನ ವಾಸನೆ ಏಳುತ್ತದೆ. ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಕಡಲು ಬಂದ್. ಬಲೆ ಹೆಣೆಯುವವರು ಒಂದು ಕಡೆ, ಹಲಗೆಗೆ ಬಣ್ಣ ಬಳಿಯುವವರು ಇನ್ನೊಂದು ಕಡೆ. ಮಾಲೀಕ ಮಾತ್ರ ಎಂಜಿನ್ ಕೋಣೆಯ ಬಾಗಿಲಲ್ಲಿ ತಲೆ ಕೆರೆದುಕೊಂಡು ನಿಂತಿರುತ್ತಾನೆ.

ಹೊಸ ಎಂಜಿನ್ ತೆಗೆಯುವ ತಾಕತ್ತು ಎಲ್ಲರಿಗೂ ಇಲ್ಲ. ಲಾರಿ, ಬಸ್ಸಿನಿಂದ ಇಳಿಸಿದ ಹಳೇ ಎಂಜಿನ್ ತಂದು, ಉಪ್ಪುನೀರಿಗೆ ಹೊಂದುವಂತೆ ಮಾಡಿ ಬೋಟಿಗೆ ಕೂರಿಸುವ ಪರಿಪಾಠ ಹಿಂದಿನಿಂದ ಬಂದದ್ದೇ. ಆದರೆ ಗುಜರಿ ಅಂಗಡಿಗೆ ಈಚೆಗೆ ಬರುವ ಲಾರಿ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಬಗಲಲ್ಲಿ ಬಸವನಹುಳದ ಚಿಪ್ಪಿನ ಆಕಾರದ ಒಂದು ಕಬ್ಬಿಣದ ಗಡ್ಡೆ ಅಂಟಿಕೊಂಡಿರುತ್ತದೆ. ಅದೇ ಟರ್ಬೊ. ಅದನ್ನು ಇಟ್ಟುಕೊಂಡೇ ಕಡಲಿಗೆ ಇಳಿಯುವುದೋ, ಬಿಚ್ಚಿ ಮಾರಿಬಿಡುವುದೋ ಎಂಬುದು ಈಗ ಬಂದರಿನ ಚಹಾ ಅಂಗಡಿಗಳ ಚರ್ಚೆ.

ಇದು ಬೋಟಿನವರ ಮನೆ ಜಗಳ, ನಮಗೆಂತ ಎಂದು ಪೇಟೆಯ ಅಂಗಡಿಯವರು ಕೇಳಬಹುದು. ಕಡಲಿಗೆ ಹೋಗುವ ಬೋಟಿಗೆ ಅಕ್ಕಿ, ಬೇಳೆ, ತೆಂಗಿನೆಣ್ಣೆ ಉದ್ರಿಯಲ್ಲಿ ಕೊಡುವವರು ಇದೇ ಅಂಗಡಿಯವರು. ಐಸ್ ಕೊಡುವವರು, ಹಗ್ಗ ಕೊಡುವವರು, ಮುಂಗಡ ಕೊಡುವ ಏಜೆಂಟರು ಎಲ್ಲರ ಲೆಕ್ಕವೂ ಬೋಟ್ ಹಿಂದೆ ಬಂದ ಮೇಲೆಯೇ ಚುಕ್ತಾ. ನಡು ಕಡಲಿನಲ್ಲಿ ಎಂಜಿನ್ ಕೈಕೊಟ್ಟು, ಇನ್ನೊಂದು ಬೋಟಿನ ಹಗ್ಗ ಹಿಡಿದು ಖಾಲಿ ಹೊಟ್ಟೆಯಲ್ಲಿ ಎಳೆಸಿಕೊಂಡು ಬಂದರೆ ಆ ಲೆಕ್ಕ ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ಎಂದು ಜಾರುತ್ತದೆ.

ಟರ್ಬೊ ಅಂದ್ರೆ ಎಂತ?

ಬಸ್ಸಿನಲ್ಲಿ ಡ್ರೈವರನ ಹತ್ತಿರ ಕೂತು ಅಭ್ಯಾಸ ಇರುವವರಿಗೆ ಗೊತ್ತು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದಿನ ಒಳಗಿಂದ ಸಣ್ಣಗೆ ಸುಂಯ್ ಎಂಬ ಸೀಟಿ ಏಳುತ್ತದಲ್ಲ, ಅದು ಟರ್ಬೊ ತಿರುಗುವ ಶಬ್ದ.

ಎಂಜಿನ್ನಿಗೆ ಡೀಸೆಲ್ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. 1 ಲೀಟರ್ ಡೀಸೆಲ್ ಪೂರ್ತಿ ಸುಡಬೇಕಾದರೆ ಸುಮಾರು 12 ಕೆ.ಜಿ. ಗಾಳಿ ಬೇಕು. ಅಳೆದು ನೋಡಿದರೆ ಹತ್ತು ಸಾವಿರ ಲೀಟರ್ ಗಾಳಿ! ಸಾದಾ ಎಂಜಿನ್ ತನ್ನ ಉಸಿರಿನಲ್ಲಿ ಎಳೆದಷ್ಟು ಗಾಳಿಗೆ ತಕ್ಕಷ್ಟೇ ಡೀಸೆಲ್ ಸುಡಬಲ್ಲದು. ಹೊರಗಿನಿಂದ ಗಾಳಿಯನ್ನು ಅದುಮಿ ತುಂಬಿದರೆ ಅದೇ ಹೊಟ್ಟೆಯಲ್ಲಿ ಹೆಚ್ಚು ಡೀಸೆಲ್ ಸುಟ್ಟು ಹೆಚ್ಚು ಶಕ್ತಿ ತೆಗೆಯಬಹುದು.

ಹೀಗೆ ಗಾಳಿ ತುಂಬುವ ಯಂತ್ರಗಳಲ್ಲಿ ಎರಡು ಜಾತಿ. ಎಂಜಿನ್ನಿನ ಬೆಲ್ಟಿನಿಂದಲೋ ಗೇರಿನಿಂದಲೋ ತಿರುಗುವುದು ಸೂಪರ್‌ಚಾರ್ಜರ್. ಹೊರಗೆ ಹೋಗುವ ಬಿಸಿ ಹೊಗೆಯ ರಭಸದಿಂದ ತಿರುಗುವುದು ಟರ್ಬೊಚಾರ್ಜರ್. ಮೊದಲನೆಯದು ಎಂಜಿನ್ನಿನ ಶಕ್ತಿಯಲ್ಲೇ ಒಂದು ಪಾಲು ತಿನ್ನುತ್ತದೆ. ಆದರೆ ಒತ್ತಿದ ತಕ್ಷಣ ಗಾಳಿ ಕೊಡುತ್ತದೆ. ಎರಡನೆಯದು ಹೇಗೂ ಪೋಲಾಗುವ ಹೊಗೆಯನ್ನು ದುಡಿಸಿಕೊಳ್ಳುತ್ತದೆ. ಆದರೆ ಹೊಗೆ ಜೋರಾಗುವ ತನಕ ಎಚ್ಚರಗೊಳ್ಳುವುದಿಲ್ಲ.

ಟರ್ಬೊದ ಮೂಲ ಪುರುಷ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ಆತ ಪೇಟೆಂಟ್ ಪಡೆದದ್ದು 1905ರಲ್ಲಿ. 1920ರ ದಶಕದಲ್ಲಿ ‘ಪ್ರಾಯ್ಸನ್’, ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳಲ್ಲಿ 1,750 ಅಶ್ವಶಕ್ತಿಯ ಎಂಜಿನ್‌ನಿಂದ 2,500 ಅಶ್ವಶಕ್ತಿ ಹೊರಡಿಸಿ ಇದು ಲೋಕದ ಕಣ್ಣು ತೆರೆಸಿತು. ಅಂದರೆ ಟರ್ಬೊಕ್ಕೆ ಕಡಲಿನ ನೀರು ಹೊಸತಲ್ಲ. ಹೊಸತು ಏನಿದ್ದರೂ, ರಸ್ತೆಗೆಂದು ಮಾಡಿದ ಟರ್ಬೊವನ್ನು ಕಡಲಿಗೆ ಇಳಿಸುವ ಕೆಲಸ.

ಬಸ್ಸಿಗೆ ಇಳಿಜಾರು ಉಂಟು

ಮಲ್ಪೆಯಲ್ಲಿ ಆಳಸಮುದ್ರದ ಟ್ರಾಲ್ ಬೋಟಿಗೆ ‘ತ್ರಿಸೆವೆಂಟಿ’ ಎಂಬ ಹೆಸರು ಬಂದದ್ದೇ ಎಂಜಿನ್ನಿನಿಂದ. ಲೇಲ್ಯಾಂಡಿನ 370 ಅಂದರೆ 370 ಘನ ಇಂಚಿನ, ಲೀಟರ್ ಲೆಕ್ಕದಲ್ಲಿ ಸುಮಾರು 6 ಲೀಟರಿನ ಎಂಜಿನ್. ಅದೇ ಜಾತಿಯ ಎಂಜಿನ್ ಲಾರಿ, ಬಸ್ಸುಗಳಲ್ಲೂ ಓಡಿತು. ಅದಕ್ಕೆ ಟರ್ಬೊ ಇರಲಿಲ್ಲ. ಬೋಟಿಗೆ ಬಂದರೂ ಗೊಣಗದೆ ದುಡಿಯಿತು.

ಟರ್ಬೊ ಇರುವ ಲಾರಿ ಎಂಜಿನ್ನಿನ ಸ್ವಭಾವ ಬೇರೆ. ಲಾರಿಯೊಂದು ಶಿರಾಡಿ ಘಾಟಿ ಏರುವಾಗ ಪೂರ್ತಿ ಶಕ್ತಿ ಕೇಳುತ್ತದೆ ನಿಜ. ಆದರೆ ಏರಿದ ಮೇಲೆ ಸಮತಟ್ಟು ಉಂಟು, ಇಳಿಜಾರು ಉಂಟು, ಚಹಾಕ್ಕೆ ನಿಲ್ಲಿಸುವುದುಂಟು. ಎಂಜಿನ್ ಉಸಿರು ತೆಗೆದುಕೊಳ್ಳುತ್ತದೆ. ಬೋಟಿಗೆ ಇಳಿಜಾರು ಎಂಬುದೇ ಇಲ್ಲ. ಪ್ರೊಪೆಲ್ಲರ್ ತಿರುಗುವಷ್ಟು ಹೊತ್ತೂ ನೀರು ಎದುರಾಡುತ್ತದೆ. ಹತ್ತು ದಿನದ ಟ್ರಿಪ್ ಎಂದರೆ ಹತ್ತು ದಿನವೂ ಘಾಟಿ ಏರಿದ ಹಾಗೆ. ಲಾರಿಯಲ್ಲಿ 160 ಅಶ್ವಶಕ್ತಿ ಎಂದು ಬರೆದ ಎಂಜಿನ್ ಬೋಟಿನಲ್ಲಿ ಹಗಲೂ ರಾತ್ರಿ 160 ಕೊಡುತ್ತದೆ ಎಂದು ನಂಬಿದವರು ಪಿಸ್ಟನ್ ಕರಗಿಸಿಕೊಂಡೇ ಬುದ್ಧಿ ಕಲಿಯಬೇಕಾಗುತ್ತದೆ.

ಮೂವರದು ಮೂರು ಮಾತು

ಇಂಥ ಒಂದು ಬೋಟಿನ ಕಥೆ ನೋಡಿ. 50 ಅಡಿಗೂ ಸ್ವಲ್ಪ ಹೆಚ್ಚಿನ ಮರದ ಟ್ರಾಲ್ ಬೋಟು. ಹಳೇ ಎಂಜಿನ್ 100 ಅಶ್ವಶಕ್ತಿಯದ್ದು, ಬೋರು ಸವೆದು ಕೈಬಿಟ್ಟಿತು. ಮಾಲೀಕರು ಹೆಂಡತಿಯ ಚಿನ್ನ ಅಡವಿಟ್ಟು ಗುಜರಿಯಿಂದ 6 ಸಿಲಿಂಡರಿನ ಲಾರಿ ಎಂಜಿನ್ ತಂದರು. ಕಂಪ್ಯೂಟರ್ ಇಲ್ಲದ, ಹಳೇ ನಮೂನೆಯ ಪಂಪಿನದು. ತಗಡಿನಲ್ಲಿ ಬರೆದದ್ದು 160 ಅಶ್ವಶಕ್ತಿ, 2,400 ಸುತ್ತು. ಟರ್ಬೊ ಸಮೇತ.

ಮಾರಿದವನ ಮಾತು: “ಟರ್ಬೊ ನಿಮಗೆ ಫ್ರೀ ಬಂತು ಅಂತ ತಿಳ್ಕೊಳ್ಳಿ.”

ಮೂವತ್ತು ವರ್ಷ ಬೋಟ್ ಎಂಜಿನ್ ಬಿಚ್ಚಿದ ಫಿಟ್ಟರ್ ಮೇಸ್ತ್ರಿಯ ಮಾತು ಬೇರೆ. “ಧಣಿ, ಅದು ಗಾಳಿ ಊದುವ ಯಂತ್ರ ಅಲ್ಲ, ಬೆಂಕಿ ಉಗುಳುವ ಯಂತ್ರ. ತೆಗೆದು ಬಿಡುವ. ಇದ್ದ ಶಕ್ತಿಯಲ್ಲಿ ಸಮಾಧಾನದಲ್ಲಿ ಹೋಗಿ ಬರ್ಲಿ.”

ತಾಂಡೇಲ ಒಪ್ಪಲಿಲ್ಲ. “ಅಳಿವೆ ಬಾಯಲ್ಲಿ ಹಿಂದಿನಿಂದ ತೆರೆ ಎದ್ದು ಬರುವಾಗ ಸಮಾಧಾನ ಎಲ್ಲಿಂದ ಬರ್ಬೇಕು ಮೇಸ್ತ್ರಿಗಳೇ? ಎಂಜಿನ್ ಎಳೀಬೇಕು. ಮತ್ತೆ, ಬೇರೆಯವರು ನಮಗಿಂತ ಮೊದಲು ಬಂದು ಮೀನು ಇಳಿಸಿದ್ರೆ ನಮ್ಮದಕ್ಕೆ ರೇಟ್ ಯಾರು ಕೊಡ್ತಾರೆ?”

ಮಾಲೀಕರು ನಡುವೆ. “ಎಂತ ಮಾಡುವುದು ಹೇಳಿ ಮಾರಾಯ್ರೆ, ದಿನ ಹೋಗ್ತಾ ಉಂಟು.”

ಮೂವರ ಮಾತಿನಲ್ಲೂ ಸ್ವಲ್ಪ ಸತ್ಯ ಉಂಟು. ಒಂದೊಂದಾಗಿ ತೂಗಿ ನೋಡಬೇಕು.

ಒಂದು ನಾಟ್‌ನ ಬೆಲೆ

ಮೊದಲು ತಾಂಡೇಲರ ವೇಗದ ಆಸೆ. ನೀರಿನಲ್ಲಿ ವೇಗ ಸ್ವಲ್ಪ ಏರಿಸಬೇಕಾದರೆ ಶಕ್ತಿ ಬಹಳ ಏರಿಸಬೇಕು. ಶಕ್ತಿ ವೇಗದ ಘನದಂತೆ ಏರುತ್ತದೆ ಎಂಬುದು ಬೋಟಿನವರು ಇಟ್ಟುಕೊಳ್ಳುವ ಸ್ಥೂಲ ಲೆಕ್ಕ. 8 ನಾಟ್ ವೇಗಕ್ಕೆ 100 ಅಶ್ವಶಕ್ತಿ ಸಾಕಾದರೆ 9 ನಾಟ್‌ಗೆ 142 ಬೇಕು.

ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.2 ಲೀಟರ್ ಕುಡಿಯುತ್ತದೆ ಎಂದು ಹಿಡಿಯಿರಿ. 100 ನಾಟಿಕಲ್ ಮೈಲು ಹೋಗಲು 8 ನಾಟ್‌ನಲ್ಲಿ ಹನ್ನೆರಡೂವರೆ ಗಂಟೆ, 250 ಲೀಟರ್ ಡೀಸೆಲ್. 9 ನಾಟ್‌ನಲ್ಲಿ 11 ಗಂಟೆ 7 ನಿಮಿಷ, ಸುಮಾರು 315 ಲೀಟರ್. ಉಳಿದ ಸಮಯ 1 ಗಂಟೆ 23 ನಿಮಿಷ. ಹೆಚ್ಚು ಸುಟ್ಟದ್ದು 65 ಲೀಟರ್. ತೆರಿಗೆ ವಿನಾಯಿತಿಯ ಡೀಸೆಲಿಗೆ ಮಿತಿ ಉಂಟು. ಮಿತಿ ಮೀರಿದರೆ ಪೂರ್ತಿ ದರ. ಆ 65 ಲೀಟರಿನ ಬೆಲೆ ಮೊದಲು ದಡ ಸೇರಿದ್ದಕ್ಕೆ ಸಿಗುವ ಹೆಚ್ಚಿನ ರೇಟಿನಲ್ಲಿ ಹುಟ್ಟುತ್ತದೋ ಎಂಬುದನ್ನು ಅವರವರೇ ಲೆಕ್ಕ ಹಾಕಬಹುದು.

ಇನ್ನೊಂದು ಗೋಡೆಯೂ ಉಂಟು. ನೀರನ್ನು ಸೀಳಿಕೊಂಡು ಹೋಗುವ ಭಾರದ ಬೋಟಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದ 50 ಅಡಿ ಇದ್ದರೆ ಸುಮಾರು ಒಂಬತ್ತೂವರೆ ನಾಟ್‌ಗೇ ಗೋಡೆ. ಅದರಾಚೆ ಎಷ್ಟು ಶಕ್ತಿ ಸುರಿದರೂ ಹೊಗೆ ಮತ್ತು ನೊರೆ ಬಿಟ್ಟರೆ ಹೆಚ್ಚೇನೂ ಹುಟ್ಟುವುದಿಲ್ಲ. ಇನ್ನು ಬಲೆ ಎಳೆಯುವಾಗ ಟ್ರಾಲ್ ಬೋಟಿನ ವೇಗ ಎರಡೂವರೆಯಿಂದ ನಾಲ್ಕು ನಾಟ್. ಅಲ್ಲಿ ಬೇಕಾದದ್ದು ಎಳೆಯುವ ಬಲ. ಅದು ಟರ್ಬೊಕ್ಕಿಂತ ಹೆಚ್ಚಾಗಿ ಪ್ರೊಪೆಲ್ಲರಿನ ಅಳತೆ ಮತ್ತು ಗೇರಿನ ಹಂಚಿಕೆಯಿಂದ ಬರುವಂಥದ್ದು.

ಅಳಿವೆಯ ಮಾತು ಜೀವದ ಮಾತು, ಅದನ್ನು ಹಗುರ ಮಾಡುವಂತಿಲ್ಲ. ಆದರೆ ಅಲ್ಲಿಯೂ ಟರ್ಬೊವನ್ನು ನಂಬಿ ನಿದ್ದೆ ಮಾಡುವ ಹಾಗಿಲ್ಲ. ಎಂಜಿನ್ ನಿಧಾನ ಇಟ್ಟುಕೊಂಡು ಬಂದು ತೆರೆ ಎದ್ದ ಮೇಲೆ ಒಮ್ಮೆಲೇ ಒತ್ತಿದರೆ ಟರ್ಬೊ ಎಚ್ಚರಗೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ತೆರೆ ಅಷ್ಟು ಹೊತ್ತು ಕಾಯುವುದಿಲ್ಲ. ಟರ್ಬೊ ಎಂಜಿನ್ನಿನ ತಾಂಡೇಲ ಸುತ್ತು ಏರಿಸಿಕೊಂಡೇ ಅಳಿವೆಗೆ ಬರಬೇಕು.

ಕಿತ್ತರೆ ಆಗುವುದೇನು?

ಮೇಸ್ತ್ರಿಯ ಮಾತಿನಂತೆ ಬಿಚ್ಚಿ ತೆಗೆದರೆ ಎಲ್ಲ ಸುಸೂತ್ರವೇ? ಇಲ್ಲ.

ಹುಟ್ಟಿನಿಂದ ಟರ್ಬೊ ಇದ್ದ ಎಂಜಿನ್ನಿನಲ್ಲಿ ಗಾಳಿ ಮೊದಲೇ ಅದುಮಿ ಬರುತ್ತದೆಂದು ಕಂಪ್ರೆಶನ್ ಸ್ವಲ್ಪ ಕಡಿಮೆ ಇಟ್ಟಿರುವುದುಂಟು. ಪಂಪು, ನಾಜಲ್ ಎಲ್ಲ ಹೆಚ್ಚು ಡೀಸೆಲ್ ಬಿಡಲು ಹೊಂದಿಸಿದ್ದು. ಟರ್ಬೊ ಕಿತ್ತು ಪಂಪನ್ನು ಹಾಗೇ ಬಿಟ್ಟರೆ ಗಾಳಿ ಕಮ್ಮಿ, ಡೀಸೆಲ್ ಜಾಸ್ತಿ. ಕಪ್ಪು ಹೊಗೆ ಕಾರುತ್ತದೆ, ಆಯಿಲ್ ಕೆಡುತ್ತದೆ, ವಾಲ್ವ್ ಸುಡುತ್ತದೆ. ಪಂಪನ್ನು ಕ್ಯಾಲಿಬ್ರೇಶನ್‌ಗೆ ಕೊಟ್ಟು ಡೀಸೆಲ್ ಇಳಿಸಲೇಬೇಕು. ಟರ್ಬೊಕ್ಕೆ ಹೋಗುವ ಆಯಿಲ್ ಪೈಪನ್ನೂ ವಾಪಸು ಬರುವ ದಾರಿಯನ್ನೂ ಸರಿಯಾಗಿ ಮುಚ್ಚಬೇಕು. ಇಷ್ಟೆಲ್ಲ ಮಾಡಿದ ಮೇಲೂ ಸಿಗುವ ಶಕ್ತಿ ಅದೇ ಗಾತ್ರದ ಸಾದಾ ಎಂಜಿನ್ನಿಗಿಂತ ಒಂದು ಕೈ ಕಡಿಮೆಯೇ. ಮೇಸ್ತ್ರಿಯ ಅಂದಾಜಿನಲ್ಲೇ ಈ ಎಂಜಿನ್ ನೂರರ ಆಸುಪಾಸಿಗೆ ಇಳಿಯುತ್ತಿತ್ತು. ಕಂಪ್ಯೂಟರ್ ಇರುವ ಎಂಜಿನ್ ಆದರಂತೂ ಟರ್ಬೊ ಕಿತ್ತ ಕೂಡಲೇ ಅದು ಮುನಿಸಿಕೊಂಡು ಶಕ್ತಿ ಕಟ್ ಮಾಡುತ್ತದೆ.

ಕೆಲವು ಎಂಜಿನ್ನುಗಳಲ್ಲಿ ಕೀಳುವ ಮಾತೇ ಎತ್ತುವಂತಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1938ರಲ್ಲಿ ತಂದ 71 ಸರಣಿಯ ಟೂ ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳು ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳಲ್ಲಿ ದುಡಿದು ಹೆಸರು ಮಾಡಿದವು. ಅವುಗಳ ಬಗಲಲ್ಲಿರುವ ಬ್ಲೋವರನ್ನು ನೋಡಿದವರು ಸೂಪರ್‌ಚಾರ್ಜರ್ ಎಂದೇ ತಿಳಿಯುತ್ತಾರೆ. ಆದರೆ ಆ ಎಂಜಿನ್ನಿಗೆ ತಾನಾಗಿ ಗಾಳಿ ಎಳೆಯುವ ಶಕ್ತಿಯೇ ಇಲ್ಲ. ಸುಟ್ಟ ಹೊಗೆಯನ್ನು ತಳ್ಳಿ ಹೊಸ ಗಾಳಿ ತುಂಬುವುದು ಆ ಬ್ಲೋವರೇ. ತೆಗೆದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ.

ಇಟ್ಟರೆ ಆಗುವುದೇನು?

ಹಾಗೆಂದು ಮೇಸ್ತ್ರಿಯ ಭಯ ಸುಳ್ಳಲ್ಲ. ಭಾರ ಬಿದ್ದಾಗ ಟರ್ಬೊದ ಹೊಗೆ ಭಾಗ ನೂರಾರು ಡಿಗ್ರಿ ಕಾಯುತ್ತದೆ. ಲಾರಿಯಲ್ಲಿ ಎದುರು ಗಾಳಿ ತಂಪು ಮಾಡುತ್ತದೆ. ಬೋಟಿನ ಎಂಜಿನ್ ಕೋಣೆ ಎಂದರೆ ಮುಚ್ಚಿದ ಪೆಟ್ಟಿಗೆ. ಸುತ್ತ ಮರದ ಹಲಗೆ, ಕೆಳಗೆ ಆಯಿಲ್ ಸೇರಿದ ನೀರು. ಒಂದು ಡೀಸೆಲ್ ಪೈಪು ಸೋರಿ ಆ ಕಾದ ಕಬ್ಬಿಣಕ್ಕೆ ಚಿಮ್ಮಿದರೆ ಬೆಂಕಿ. ಅದಕ್ಕೇ ಕಡಲಿಗೆಂದೇ ಮಾಡಿದ ಟರ್ಬೊಗಳಿಗೆ ಸುತ್ತ ನೀರು ಹರಿಯುವ ಕವಚ ಇರುತ್ತದೆ. ಲಾರಿಯದ್ದಕ್ಕೆ ಇರುವುದಿಲ್ಲ.

ಲಾರಿಯ ಇಂಟರ್‌ಕೂಲರ್ ಸಹ ರಸ್ತೆಯ ಗಾಳಿಗೆಂದು ಮಾಡಿದ್ದು. ಅದುಮಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಣಿಸುವುದು ಅದರ ಕೆಲಸ. ಬೋಟಿನಲ್ಲಿ ಅದಕ್ಕೆ ಬೀಸುವ ಗಾಳಿ ಎಲ್ಲಿ? ಸಮುದ್ರದ ನೀರಿನ ಕೂಲರ್ ಹಾಕಬೇಕು. ಅದು ತೂತು ಬಿದ್ದರೆ ಉಪ್ಪುನೀರು ನೇರ ಸಿಲಿಂಡರಿಗೆ!

ಎಲ್ಲಕ್ಕಿಂತ ಹೆದರಬೇಕಾದದ್ದು ಟರ್ಬೊದ ಆಯಿಲ್ ಸೀಲು ಹೋಗುವುದಕ್ಕೆ. ಸೀಲು ಹರಿದು ಆಯಿಲ್ ಗಾಳಿಯ ದಾರಿಗೆ ಸೇರಿದರೆ ಎಂಜಿನ್ ತನ್ನದೇ ಆಯಿಲನ್ನು ಡೀಸೆಲಿನಂತೆ ಸುಟ್ಟುಕೊಂಡು ಹುಚ್ಚೆದ್ದು ಓಡುತ್ತದೆ. ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿ ಮುಚ್ಚಿದರೆ ಮಾತ್ರ ನಿಂತೀತು. ಕೈ ಇಡುವಂತಿಲ್ಲ, ಬಟ್ಟೆ ತುರುಕಿದರೆ ಒಳಗೆ ಎಳೆದುಕೊಳ್ಳುತ್ತದೆ. ಆ ಬಾಯಿಗೆ ಮೊದಲೇ ಒಂದು ಮುಚ್ಚುವ ಫ್ಲ್ಯಾಪ್ ಕೂರಿಸಿಟ್ಟುಕೊಳ್ಳುವುದು ಜಾಣತನ.

ಆದ್ದರಿಂದ ಗುಜರಿಯ ಟರ್ಬೊ ತಂದವರು ಮೊದಲು ಗಾಳಿಯ ಪೈಪು ಬಿಚ್ಚಿ ನೋಡಬೇಕು. ಚಕ್ರದ ಎಲೆಗಳ ತುದಿ ಮುಕ್ಕಾಗಿದೆಯೇ? ಗೋಡೆಗೆ ಉಜ್ಜಿದ ಗುರುತು ಉಂಟೇ? ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆಯೇ? ಶಾಫ್ಟು ಗಲಗಲ ಅಲ್ಲಾಡುತ್ತದೆಯೇ? ಪೈಪಿನೊಳಗೆ ಆಯಿಲ್ ನಿಂತಿದೆಯೇ? ಇದರಲ್ಲಿ ಒಂದು ತಪ್ಪು ಕಂಡರೂ ಆ ಟರ್ಬೊವನ್ನು ಹಾಗೇ ಕಡಲಿಗೆ ಒಯ್ಯಬಾರದು.

ತೀರ್ಪು ಕೊಟ್ಟದ್ದು ಗೇರ್‌ಬಾಕ್ಸ್

ಮಾಲೀಕರ ಎಂಜಿನ್ನಿನ ಟರ್ಬೊ ಈ ಪರೀಕ್ಷೆಯಲ್ಲಿ ಅರ್ಧ ಪಾಸು. ಎಲೆ ಸರಿ ಇತ್ತು, ಶಾಫ್ಟು ಸ್ವಲ್ಪ ಸಡಿಲ. ಒಳಗಿನ ಭಾಗ ಹೊಸದು ಹಾಕಿಸಿದರೆ ಆದೀತು ಎಂದಾಯಿತು. ಆದರೆ ಅಷ್ಟಕ್ಕೇ ಜಗಳ ಮುಗಿಯಲಿಲ್ಲ. ಮುಗಿಸಿದ್ದು ಹಳೇ ಗೇರ್‌ಬಾಕ್ಸ್.

ಹೊಸ ಗೇರ್‌ಬಾಕ್ಸಿಗೆ ದುಡ್ಡಿರಲಿಲ್ಲ, ಹಳೆಯದನ್ನೇ ಕೂರಿಸಬೇಕಿತ್ತು. ಮೇಸ್ತ್ರಿ ಅದರ ತಗಡಿನ ಬಣ್ಣ ಕೆರೆದು ಓದಿದರು. ಪ್ರತಿ 100 ಸುತ್ತಿಗೆ 7 ಅಶ್ವಶಕ್ತಿ, ಅಷ್ಟೇ ಅದರ ತಾಳಿಕೆ. 1,800 ಸುತ್ತಿನಲ್ಲಿ ಓಡಿಸಿದರೆ 126. ಅಂದರೆ ಎಂಜಿನ್ 160 ಕೊಟ್ಟರೂ ಆ ಸುತ್ತಿನಲ್ಲಿ ಗೇರ್‌ಬಾಕ್ಸ್ ಹೊರುವುದು 126 ಮಾತ್ರ. ಮಿಕ್ಕದ್ದು ಗೇರಿನ ಹಲ್ಲು ಮುರಿಯಲಿಕ್ಕೆ.

ಆಗ ದಾರಿ ತಾನಾಗಿ ಕಾಣಿಸಿತು. ಟರ್ಬೊ ಇರಲಿ, ಆದರೆ ಪಂಪಿನ ಡೀಸೆಲ್ ಇಳಿಸಿ ಎಂಜಿನ್ನನ್ನು 1,800 ಸುತ್ತಿಗೆ 120 ಅಶ್ವಶಕ್ತಿಗೆ ಕಟ್ಟಿಹಾಕುವುದು. ಗಾಳಿ ಧಾರಾಳ, ಡೀಸೆಲ್ ಮಿತ. ಹಾಗಾದಾಗ ಹೊಗೆ ಶುಭ್ರ, ಎಂಜಿನ್ ತಂಪು, ಬಾಳಿಕೆ ಹೆಚ್ಚು. ಕಿತ್ತರೆ ಸಿಗುತ್ತಿದ್ದ ನೂರಕ್ಕಿಂತ ಇಪ್ಪತ್ತು ಜಾಸ್ತಿ. ತಾಂಡೇಲರಿಗೆ ಸ್ವಲ್ಪ, ಮೇಸ್ತ್ರಿಗೆ ಸ್ವಲ್ಪ.

ಅದರ ಜತೆಗೆ ಮೇಸ್ತ್ರಿ ಹಾಕಿದ ಷರತ್ತುಗಳು ಐದು. ಟರ್ಬೊದ ಒಳಭಾಗ ಹೊಸದು; ಹೊರಗೆ ನೀರಿನ ಕವಚ. ಲಾರಿಯ ಇಂಟರ್‌ಕೂಲರ್ ಬೇಡ, ಇಷ್ಟು ಕಡಿಮೆ ಶಕ್ತಿಗೆ ಅದಿಲ್ಲದೆಯೂ ಆಗುತ್ತದೆ. ಹೊಗೆಯ ಬಿಸಿ ತೋರಿಸುವ ಮೀಟರು ತಾಂಡೇಲರ ಕಣ್ಣೆದುರಿಗೆ. ಎಂಜಿನ್ ಕೋಣೆಗೆ ದೊಡ್ಡ ಗಾಳಿಕಿಂಡಿ. ಗಂಟೆಗೆ 24 ಲೀಟರ್ ಡೀಸೆಲ್ ಸುಡಲು ಕಡಿಮೆಯೆಂದರೂ 290 ಕೆ.ಜಿ. ಗಾಳಿ ಬೇಕು, ನಿಜದಲ್ಲಿ ಅದರ ಒಂದೂವರೆ-ಎರಡು ಪಾಲು. ಐದನೆಯದು ಅಭ್ಯಾಸದ ಷರತ್ತು: ದಡಕ್ಕೆ ಬಂದ ಕೂಡಲೇ ಎಂಜಿನ್ ಬಂದ್ ಮಾಡಬಾರದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕಾದ ಟರ್ಬೊಕ್ಕೆ ಆಯಿಲ್ ಒಮ್ಮೆಲೇ ನಿಂತರೆ ಬೇರಿಂಗ್ ಸುಡುತ್ತದೆ. ನಾಲ್ಕೈದು ನಿಮಿಷ ನಿಧಾನದಲ್ಲಿ ಓಡಿಸಿ ಆಮೇಲೆ ನಿಲ್ಲಿಸಬೇಕು.

ಕೊನೆಗೆ ಪ್ರೊಪೆಲ್ಲರ್ ಪರೀಕ್ಷೆ. ಐಸು, ನೀರು, ಡೀಸೆಲ್ ತುಂಬಿದ ಬೋಟಿನಲ್ಲಿ ಪೂರ್ತಿ ಒತ್ತಿದಾಗ ಎಂಜಿನ್ ತನಗೆ ಗೊತ್ತು ಮಾಡಿದ ಸುತ್ತು ಮುಟ್ಟಬೇಕು. ಮುಟ್ಟದೆ ಕಪ್ಪು ಹೊಗೆ ಬಿಟ್ಟರೆ ಪ್ರೊಪೆಲ್ಲರ್ ಹೊರೆ ಜಾಸ್ತಿ ಎಂದೇ ಅರ್ಥ. ಟರ್ಬೊವನ್ನು ಬೈದು ಪ್ರಯೋಜನ ಇಲ್ಲ.

ಯಾರನ್ನು ಕೇಳುವುದು?

ಈ ಮಾಲೀಕರಿಗೆ ತಗಡು ಓದುವ ಮೇಸ್ತ್ರಿ ಸಿಕ್ಕಿದರು. ಸಿಗದವರ ಗತಿ? ಗುಜರಿ ಎಂಜಿನ್ನಿಗೆ ಗ್ಯಾರಂಟಿ ಎಂಬುದು ಬಾಯಿ ಮಾತು. ಎಷ್ಟು ಓಡಿದೆ, ಎಲ್ಲಿ ಒಡೆದು ಬೆಸುಗೆ ಹಾಕಿದೆ ಎಂದು ಕೇಳಿದರೆ ಉತ್ತರ ನಗೆ. ಬೋಟಿಗೆ ಎಂಜಿನ್ ಬದಲಾದರೆ ನೋಂದಣಿ ಪತ್ರದಲ್ಲಿ, ವಿಮೆಯಲ್ಲಿ ತಿದ್ದಿಸಬೇಕು ಎಂಬುದನ್ನು ಮರೆಯುವವರೂ ಉಂಟು. ಅಪಘಾತವಾದ ದಿನ ಆ ಮರೆವು ನೆನಪಾಗುತ್ತದೆ.

ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಉಂಟು. ಮೀನುಗಾರಿಕೆ ಇಲಾಖೆ ಉಂಟು. ಸಹಕಾರಿ ಸಂಘಗಳು ಉಂಟು. ಇವರೆಲ್ಲ ಸೇರಿ ಮಳೆಗಾಲದ ಈ 61 ದಿನಗಳಲ್ಲಿ ಬಂದರಿನಲ್ಲೇ ಒಂದು ಎಂಜಿನ್ ಪರೀಕ್ಷೆಯ ಕೊಟ್ಟಿಗೆ ನಡೆಸಿದರೆ, ಸಣ್ಣ ಶುಲ್ಕಕ್ಕೆ ಹೊಗೆ, ಪಂಪು, ಟರ್ಬೊ ನೋಡಿ ಚೀಟಿ ಬರೆದು ಕೊಟ್ಟರೆ ಎಷ್ಟೋ ಮನೆಯ ಚಿನ್ನ ಉಳಿದೀತು. ಬೋಟೊಂದರಲ್ಲಿ ದುಡಿಯುವ ಎಂಟು-ಹತ್ತು ಮಂದಿಯ ಜೀವವೂ ಆ ಎಂಜಿನ್ನಿನ ಮೇಲೆಯೇ ನಿಂತಿದೆ.

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಅಳಿವೆ ದಾಟುತ್ತವೆ. ಸಂಬಂಧಪಟ್ಟವರು ಅಷ್ಟರೊಳಗೆ ಇತ್ತ ಗಮನ ಹರಿಸುವರೇ?